ಬಳೆ ಸದ್ದು ನಿಂತ ಮಧ್ಯಾಹ್ನ

ಹಿತ್ತಲಲ್ಲಿ ಮಗಳ ಬಳೆ ಸದ್ದು ನಿಂತರೆ ಸಾಕು, ಜೈತುನ್ಬೀ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ನೋಡುತ್ತಿದ್ದಳು. ಹತ್ತೊಂಬತ್ತು ವರ್ಷದ ಆ ಮಗಳು ಅಖ್ತರ ಒಮ್ಮೆ ನಾಲ್ಕು ದಿನ ನಿದ್ದೆಯಿಲ್ಲದೆ ಒಂದೇ ಸಮನೆ ಮಾತನಾಡಿದ್ದಳು. ಆಮೇಲೆ ಎರಡು ತಿಂಗಳು ಗೋಡೆಗೆ ಮುಖಮಾಡಿ ಮಲಗಿದ್ದಳು. ಗುಲ್ಬರ್ಗಾದ ಮನೋರೋಗದ ಡಾಕ್ಟರು ಗುಳಿಗೆ ಕೊಟ್ಟು, "ವಾರಕ್ಕೊಮ್ಮೆ ಕರಕೊಂಡು ಬರ್ರಿ. ಕುಂತು ಮಾತಾಡೋದೂ ಔಷಧಾನೇ" ಎಂದಿದ್ದರು.

ಮೂರು ವಾರಕ್ಕೆ ಅಖ್ತರ ಎದ್ದು ರೊಟ್ಟಿ ಬಡಿದಳು. ಶಹಾಬಾದದ ಖಣಿಯಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಎಬ್ಬಿಸುವ ತಂದೆ ಗನಿಸಾಬ ಅಷ್ಟಕ್ಕೇ ಗುಲ್ಬರ್ಗಾದ ದಾರಿ ಬಿಟ್ಟ. ಊರಿನ ದವಾಖಾನೆಯ ನರ್ಸ್ ಗುರುದೇವಿ ಮನೆಗೇ ಬಂದು ವಿಚಾರಿಸಿದಳು.

"ಯಾಕ್ರಿ ಗನಿಸಾಬ, ಎರಡು ವಾರ ಬರಲಿಲ್ಲ?"

"ಗುಳಿಗಿ ನುಂಗಲಿಕತ್ತಾಳಲ್ರಿ ನರ್ಸ್ ಬಾಯಿ. ಮಾತಿನಿಂದ ಜಡ್ಡು ಹೋಗ್ತಿದ್ರ ನಮ್ಮ ಓಣಿ ಹೆಂಗಸ್ರಿಗೆ ಜಡ್ಡೇ ಬರ್ತಿರಲಿಲ್ಲ!"

ಜೈತುನ್ಬೀ ನಗಲಿಲ್ಲ. "ಮನಿ ಮಾತು ಹೊರಗ ಬಿದ್ರ ಇಕಿ ಲಗ್ನ ಹ್ಯಾಂಗ ಆಗ್ತದ್ರಿ?"

"ಅಲ್ಲಿ ಆಡಿದ್ದು ಓಣಿಗೆ ಬರಂಗಿಲ್ಲ, ಅಕ್ಕಾ. ಗುಳಿಗಿಯಿಂದ ಮೈಗೆ ಬಲ ಬಂದದ. ಒಳಗಿನ ಅಂಜಿಕಿ ಹೋಗ್ಯಾದೇನು? ಬಲ ಬಂದಾಗ ಜೀವಕ್ಕ ಏನರ ಮಾಡ್ಕೊಂಡಾಳು, ಈಗೇ ಭಾಳ ಹುಷಾರಿರಬೇಕು."

ಗನಿಸಾಬ ಒಪ್ಪದೆ ಕೆಲಸಕ್ಕೆ ಹೋದ.

ಮೂರನೇ ದಿನ ಮಧ್ಯಾಹ್ನ ಬಳೆ ಸದ್ದು ನಿಂತಿತು. ಜೈತುನ್ಬೀ ಹಿತ್ತಲಿಗೆ ಓಡಿದಳು. ಬೀಸುಕಲ್ಲಿನ ಮೇಲೆ ಕಳಚಿಟ್ಟ ಹನ್ನೆರಡು ಹಸಿರು ಬಳೆಗಳಿದ್ದವು. ಹಿಂಬಾಗಿಲು ತೆರೆದಿತ್ತು.

ಅವಳ ಚೀರಾಟಕ್ಕೆ, ಮನೆಗೆ ಹತ್ತಿರದ ಖಣಿಯಲ್ಲಿದ್ದ ಗನಿಸಾಬ ಸುತ್ತಿಗೆ ಬಿಸಾಕಿ, ನೀರು ತುಂಬಿದ ಹಳೆಯ ಖಣಿಯತ್ತ ಓಡಿದ. ಅಖ್ತರ ದಂಡೆಯಲ್ಲಿ ಕುಳಿತಿದ್ದಳು. ಕೂಗಲು ಅವನಿಗೆ ಧೈರ್ಯವಾಗಲಿಲ್ಲ. ಮೆಲ್ಲಗೆ ಹೋಗಿ, ಕೈಗೆ ಸಿಗುವಷ್ಟು ಹತ್ತಿರ ಕುಳಿತ.

"ಏನಾಗಲಿಕತ್ತದ ಬೇಟಿ, ನಿನಗ?"

ನೀರಿನಿಂದ ಕಣ್ಣು ತೆಗೆಯದೆ ಅವಳೆಂದಳು: "ಗುಳಿಗಿ ನುಂಗಿದೇನು ಅಂತ ದಿನಾ ಕೇಳ್ತೀರಿ ಅಬ್ಬಾ. ಇದನ್ನ ಇವತ್ತೇ ಕೇಳಿದ್ರಿ."

ಅವನು ಅವಳ ಕೈ ಹಿಡಿದ. ಮನೆ ಮುಟ್ಟುವವರೆಗೂ ಬಿಡಲಿಲ್ಲ.

ಸುದ್ದಿ ಕೇಳಿ ಮನೆಗೆ ಬಂದಿದ್ದ ಗುರುದೇವಿಗೆ ಅವನೆಂದ: "ಫರಸಿ ಬಿರುಕು ಕಣ್ಣಿಗೆ ಕಾಣಂಗಿಲ್ಲ ಬಾಯಿ. ಬಡದು, ಕಿವಿಗೊಟ್ಟು ನೋಡಬೇಕು. ಮೂವತ್ತು ವರ್ಷ ಕಲ್ಲಿಗೆ ಕಿವಿ ಕೊಟ್ಟೀನಿ. ಮನಿಯಾಗಿನ ಕೂಸಿಗೆ ಕೊಡಲಿಲ್ಲ. ನಡೀರಿ, ಈಗೇ ಗುಲ್ಬರ್ಗಾಕ್ಕ ಹೋಗೂಣು."

ಅಂದಿನಿಂದ ಅಖ್ತರ ಒಂದು ವಾರವೂ ತಪ್ಪಿಸಿಲ್ಲ. ಗುಳಿಗೆಯನ್ನೂ ಬಿಟ್ಟಿಲ್ಲ. ಡಾಕ್ಟರ ಕೋಣೆಯ ಬಾಗಿಲು ಮುಚ್ಚಿದಾಗ ಜೈತುನ್ಬೀಗೆ ಈಗಲೂ ಹೆದರಿಕೆಯೇ. ಆದರೆ ಒಳಗಿನಿಂದ ಮಗಳ ದನಿ ಕೇಳುತ್ತದೆ. ಏನು ಹೇಳುತ್ತಾಳೆಂದು ತಿಳಿಯುವುದಿಲ್ಲ. ಮಗಳು ಬಿಚ್ಚಿ ಮಾತಾಡಲೆಂದು ತಾಯಿ ಎದ್ದು ಇನ್ನಷ್ಟು ದೂರದ ಬೆಂಚಿಗೆ ಹೋಗಿ ಕುಳಿತುಕೊಳ್ಳುತ್ತಾಳೆ.

ನಿಮ್ಮ ಮನೆಯಲ್ಲೂ ಇಂಥ ಮಗನೋ ಮಗಳೋ ಇದ್ದರೆ, ಚೇತರಿಸಿಕೊಂಡಂತೆ ಕಂಡರೆಂದು ಗುಳಿಗೆ ನಿಲ್ಲಿಸಬೇಡಿ, ಮಾತಿನ ಭೇಟಿಯನ್ನೂ ತಪ್ಪಿಸಬೇಡಿ. "ಸಾಯಬೇಕು ಅನಿಸ್ತದೇನು?" ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಒಂಟಿಯಾಗಿ ಬಿಡದೆ ಆಗಲೇ ದವಾಖಾನೆಗೆ ಕರೆದೊಯ್ಯಿರಿ. ಈ ಹಾಳೆಯನ್ನು ಮಡಿಚಿಟ್ಟು, ಇವತ್ತೇ ಅವರ ಪಕ್ಕದಲ್ಲಿ ಹೋಗಿ ಕುಳಿತುಕೊಳ್ಳಿ.