ಕೊನೆಯ ಪೊಟ್ಟಣದ ಮಣಿ

ನನ್ನ ಕೈಗುಣ ಒಳ್ಳೆಯದೆಂದು ಹುಣಸೂರಿನ ಸುತ್ತಮುತ್ತ ಹತ್ತೂರಿನ ಜನ ಹೇಳುತ್ತಾರೆ. ನಾನು ಪೋಣಿಸಿದ ಕರಿಮಣಿ ಕಟ್ಟಿಸಿಕೊಂಡ ಹೆಣ್ಣು ಮುತ್ತೈದೆಯಾಗಿಯೇ ಸಾಯುತ್ತಾಳಂತೆ. ಹೇಳಿಕೊಳ್ಳಲಿ. ಆ ಕೈಗುಣ ನನಗೆ ಹೇಗೆ ಬಂತು ಎನ್ನುವುದನ್ನು ನಾನೇ ಹೇಳುತ್ತೇನೆ. ಕೇಳಿದ ಮೇಲೂ ನಿಮ್ಮ ಮಗಳ ಸರಕ್ಕೆ ನನ್ನ ಹತ್ತಿರವೇ ಬರುವುದಾದರೆ ಬನ್ನಿ.

ನಾನು ಚಿಕ್ಕಬೀರಮ್ಮ, ವೀರನಹೊಸಹಳ್ಳಿಯವಳು. ಅಪ್ಪ ಸತ್ತ ವರ್ಷ, ನನಗೆ ಹದಿನಾಲ್ಕು ತುಂಬಿದಾಗ, ಅವ್ವ ನನ್ನನ್ನು ಹುಣಸೂರಿಗೆ ಕರೆತಂದು ತನ್ನ ಅಣ್ಣ ಕಂಠಪ್ಪನ ಮನೆಯಲ್ಲಿ ಬಿಟ್ಟಳು. ಮಾವ ಬಳೆಗಾರ. ಬಳೆಯ ಮಲಾರ ಹೆಗಲಿಗೆ ಹಾಕಿಕೊಂಡು ಅಂತರಸಂತೆ, ಪಿರಿಯಾಪಟ್ಟಣ, ಭೇರ್ಯ ಎಂದು ವರ್ಷವೆಲ್ಲ ಅಲೆಯುತ್ತಿದ್ದ. ಮನೆಯಲ್ಲಿ ಅವನ ಹೆಂಡತಿ ನೀಲಾಂಬಿಕೆ ಮಣಿ ಪೋಣಿಸುತ್ತಿದ್ದಳು. ಮದುವೆಯ ಕರಿಮಣಿ, ಕೂಸುಗಳ ದೃಷ್ಟಿಸರ, ಕೆಂಪು ಬಿಳಿ ಮಣಿಯ ಅಡ್ಡಿಕೆ, ಎಲ್ಲವೂ ಅವಳ ಕೈಯಿಂದಲೇ ಆಗಬೇಕು. ಅವರಿಗೊಬ್ಬನೇ ಮಗ, ಅಂಕಯ್ಯ. ನಾನು ಹುಟ್ಟಿದಾಗಲೇ ಅವನಿಗೆ ಎಂದು ಹಿರಿಯರು ಮಾತಾಡಿಕೊಂಡಿದ್ದರು.

"ಕಸುಬು ಕಲ್ತ್ಕಳ್ಳಿ ಕಣವ್ವ, ಆಮೇಲೆ ಇದೇ ಮನೆ ತುಂಬ್ಕಳ್ಳಿ," ಎಂದು ಅತ್ತೆ ಹೇಳಿದ ಮಾತನ್ನು ಅವ್ವ ಸೆರಗಿನಲ್ಲಿ ಕಟ್ಟಿಕೊಂಡು ಊರಿಗೆ ಹೋದಳು. ನಾನು ಎದೆಯಲ್ಲಿ ಇಟ್ಟುಕೊಂಡೆ.

ಮಣಿ ಸಾಸಿವೆಗಿಂತ ಸಣ್ಣದು. ಅದರ ತೂತಿಗೆ ಸೂಜಿ ಹೋಗುವುದಿಲ್ಲ. ದಾರದ ತುದಿಗೆ ಜೇನುಮೇಣ ಹಚ್ಚಿ, ಬೆರಳಲ್ಲಿ ಹೊಸೆದು ಗಟ್ಟಿ ಮಾಡಿ, ಅದನ್ನೇ ಸೂಜಿ ಮಾಡಿಕೊಂಡು ಒಂದೊಂದೇ ಮಣಿ ಎತ್ತಬೇಕು. ತೂತಿನ ಅಂಚು ಒಡೆದ ಮಣಿಯನ್ನು ಕಣ್ಣಿಗಿಂತ ಮೊದಲು ಬೆರಳು ಕಂಡುಹಿಡಿಯಬೇಕು. ಅಂಥದ್ದು ಒಂದು ಸೇರಿಕೊಂಡರೂ ದಿನದಿನವೂ ದಾರವನ್ನು ಕೊಯ್ದು ವರ್ಷದೊಳಗೆ ಸರ ಹರಿದು ಬೀಳುತ್ತದೆ. ನಾನು ತಪ್ಪಿದಾಗ ಅತ್ತೆ ಹೊಡೆಯುತ್ತಿರಲಿಲ್ಲ. ಪೋಣಿಸಿದ್ದನ್ನೆಲ್ಲ ಜಾರಿಸಿ, ಎರಡು ಹಿಡಿ ರಾಗಿಯ ಜೊತೆ ಮೊರದಲ್ಲಿ ಕಲಸಿ ಮುಂದಿಡುತ್ತಿದ್ದಳು. "ಬ್ಯಾರೆ ಮಾಡು. ಆದ್ಮೇಲೆ ಉಣ್ಣೀವಂತೆ." ರಾಗಿ ಕಾಳಿಗೂ ಮಣಿಗೂ ಗಾತ್ರದಲ್ಲಿ ಏನೇನೂ ಅಂತರವಿಲ್ಲ. ಎಷ್ಟೋ ದಿನ ನಾನು ಮುದ್ದೆ ಕಂಡದ್ದು ಮಾರನೆಯ ಬೆಳಿಗ್ಗೆಯೇ. ಆದರೂ ಸುಳ್ಳು ಹೇಳಬಾರದು, ಕಸುಬು ಬಂದದ್ದು ಹಾಗೆಯೇ. ಮೂರು ವರ್ಷದಲ್ಲಿ ನನ್ನ ಕೈ ಅವಳ ಕೈಗಿಂತ ಚುರುಕಾಯಿತು.

ಒಂದು ಮಾತ್ರ ನನಗೆ ಬಿಟ್ಟಿರಲಿಲ್ಲ. ಮದುವೆಯ ಕರಿಮಣಿಯಲ್ಲಿ ಮೊದಲ ಮಣಿ ಏರಿಸುವುದು, ಕೊನೆಯ ಗಂಟು ಹಾಕುವುದು ಮುತ್ತೈದೆಯ ಕೆಲಸ. ನಡುವಿನದೆಲ್ಲ ನಾನು ಮಾಡುತ್ತಿದ್ದೆ, ಹೊಗಳಿಕೆ ಅತ್ತೆಗೆ ಹೋಗುತ್ತಿತ್ತು. ಹೋಗಲಿ, ಅಂಕಯ್ಯನ ಕೈ ಹಿಡಿದ ಮೇಲೆ ಅದೂ ನನ್ನದೇ ತಾನೆ ಎಂದುಕೊಳ್ಳುತ್ತಿದ್ದೆ.

ಅಷ್ಟರಲ್ಲಿ ಜರ್ಮನಿಯ ಯುದ್ಧ ಬಂತು. ಮಣಿ ಬರುತ್ತಿದ್ದದ್ದು ಹಡಗಿನಲ್ಲಿ. ಮೈಸೂರಿನಿಂದ ತಂದು ಕೊಡುತ್ತಿದ್ದ ಸರ್ದಾರ್ ಪಾಷಾ ಸಾಹೇಬರು ಒಂದು ದಿನ ಸಣ್ಣ ಪೊಟ್ಟಣವೊಂದನ್ನು ಜಗುಲಿಯ ಮೇಲಿಟ್ಟರು. "ಇದೇ ಆಖ್ರಿ ಕಣಮ್ಮ. ಇನ್ನು ಯುದ್ಧ ಮುಗಿಯೋ ಗಂಟ ನನ್ನ ಕೇಳ್ಬೇಡಿ," ಎಂದರು. ಅತ್ತೆ ಅದನ್ನು ಬಿಚ್ಚಲಿಲ್ಲ. ದೇವರ ಗೂಡಿನಲ್ಲಿ ಇಟ್ಟು ನನ್ನನ್ನು ಹಿತ್ತಿಲಿಗೆ ಕರೆದಳು.

ಗಂಡ ಸತ್ತವಳ ಕರಿಮಣಿಯನ್ನು ತಿಥಿಯ ದಿನ ಲಕ್ಷ್ಮಣತೀರ್ಥ ಹೊಳೆಯ ದಂಡೆಯಲ್ಲಿ ಹರಿಯುತ್ತಾರೆ. ಅರ್ಧ ನೀರಿಗೆ ಹೋಗುತ್ತದೆ, ಅರ್ಧ ಮರಳಿನಲ್ಲಿ ಉಳಿಯುತ್ತದೆ. ಅದನ್ನು ಯಾರೂ ಮುಟ್ಟುವುದಿಲ್ಲ.

"ನೀನು ಆರಿಸ್ಕ ಬಾ," ಎಂದಳು ಅತ್ತೆ. "ಯಾರೂ ಇಲ್ಲದ ಒತ್ನಲ್ಲಿ ಓಗು. ಸೀಗೇಪುಡೀಲಿ ತೊಳುದ್ರೆ ಯಾರ ಮಣಿಯಾದ್ರೇನು?"

ಮುಟ್ಟಬಾರದ್ದೆಂದು ನನಗೂ ಗೊತ್ತಿತ್ತು. ಆದರೂ ಹೋದೆ. ಮನೆ ತುಂಬಬೇಕಾದವಳು ಅತ್ತೆಯ ಮಾತು ಮೀರುವುದುಂಟೆ? ಎರಡು ವರ್ಷ ಆರಿಸಿದೆ, ತೊಳೆದೆ, ಪೋಣಿಸಿದೆ. ಸುತ್ತಲಿನ ನಾಲ್ಕು ತಾಲ್ಲೂಕಿನ ಮದುವಣಗಿತ್ತಿಯರು ಸತ್ತ ಗಂಡಸರ ಹೆಂಡಿರ ಮಣಿ ಕಟ್ಟಿಸಿಕೊಂಡು ನಗುನಗುತ್ತ ಹಸೆಯ ಮೇಲೆ ಕೂತರು. ಅವರಲ್ಲಿ ಬಹಳ ಜನರ ಗಂಡಂದಿರು ಇವತ್ತಿಗೂ ಗುಂಡುಕಲ್ಲಿನ ಹಾಗೆ ಇದ್ದಾರೆ. ಮಣಿಗೆ ಗಂಡನನ್ನು ಕೊಲ್ಲುವ ಶಕ್ತಿ ಇದ್ದಿದ್ದರೆ ಎಷ್ಟೋ ಹೆಂಗಸರು ಕೇಳಿ ಹಾಕಿಸಿಕೊಳ್ಳುತ್ತಿದ್ದರು.

ನನಗೆ ಹತ್ತೊಂಬತ್ತಾದಾಗ, ಮಾವ ಭೇರ್ಯದಿಂದ ಬಂದು ಕಾಲು ತೊಳೆಯುತ್ತ, "ಅಂಕಯ್ಯಂಗೆ ಎಣ್ಣು ಗೊತ್ತು ಮಾಡ್ಕ ಬಂದೆ," ಎಂದ. ನಾಲೆ ನೀರಿನ ಗದ್ದೆಯಿದ್ದ ಮನೆ, ಹುಡುಗಿ ಪುಟ್ಟಲಕ್ಷ್ಮಿ. ನನ್ನ ಕೈಯಲ್ಲಿದ್ದ ಚೊಂಬು ಅಲ್ಲೇ ನಿಂತಿತು. ನಾಚಿಕೆ ಬಿಟ್ಟು ಅತ್ತೆಯನ್ನು ಕೇಳಿಯೇಬಿಟ್ಟೆ: "ನನ್ನನ್ನ ಅಂತ ಏಳಿದ್ರಲ್ಲತ್ತೆ?"

ಅತ್ತೆ ದಾರಕ್ಕೆ ಮೇಣ ಹಚ್ಚುತ್ತಿದ್ದಳು. ತಲೆ ಕೂಡ ಎತ್ತಲಿಲ್ಲ. "ಒಳೆದಂಡೇಲಿ ಮುಂಡೇರ ಮಣಿ ಆರ್ಸೋಳ್ನ ಯಾವ ಮೊಕ ಇಟ್ಕಂಡು ಮಗನಿಗೆ ತರ್ಲಿ ಬೀರಿ? ನೀನೇ ಏಳು."

ಅದೇ ಸಂಜೆ ದೇವರ ಗೂಡಿನಿಂದ ಆ ಕೊನೆಯ ಪೊಟ್ಟಣ ಇಳಿಯಿತು. ಹೊಸ ಮಣಿ, ಯಾರ ಕೊರಳನ್ನೂ ಕಾಣದ್ದು. ತನ್ನ ಸೊಸೆಗೆಂದೇ ಕಾಪಾಡಿಕೊಂಡಿದ್ದಳು. ಪೋಣಿಸಲು ನನ್ನ ಮುಂದಿಟ್ಟಳು. ನಾನು ಪೋಣಿಸಿದೆ. ಒಂದು ಮಣಿಯಲ್ಲೂ ಕುಂದಿರಲಿಲ್ಲ. ಅಷ್ಟು ಒಳ್ಳೆಯ ಸರವನ್ನು ನಾನು ಅದಕ್ಕೆ ಮೊದಲು ಮಾಡಿರಲಿಲ್ಲ.

ಪುಟ್ಟಲಕ್ಷ್ಮಿ ಕೆಟ್ಟವಳಾಗಿದ್ದರೆ ನನಗೆ ಎಷ್ಟೋ ಸಲೀಸಾಗುತ್ತಿತ್ತು. ಬಂದ ಮೂರನೆಯ ದಿನವೇ ನನ್ನ ಪಕ್ಕದಲ್ಲಿ ಕೂತು, "ನಂಗೂ ಕಲಿಸ್ಕೊಡಕ್ಕ," ಎಂದಳು. ಕಲಿಸಿದೆ. ಅವಳ ಬೆರಳು ದಪ್ಪ, ದಾರದ ತುದಿ ಪದೇಪದೇ ಬಾಗುತ್ತಿತ್ತು. ಮಣಿ ಜಾರಿ ನೆಲಕ್ಕೆ ಬಿದ್ದಾಗಲೆಲ್ಲ ತಾನೇ ನಗುತ್ತಿದ್ದಳು. ಅತ್ತೆ ಅವಳಿಗೆ ರಾಗಿ ಕಲಸಿ ಕೊಡಲಿಲ್ಲ, "ಓಗ್ಲಿ ಬುಡು ಮಗ, ಬೀರಿ ಅವ್ಳೆ" ಎನ್ನುತ್ತಿದ್ದಳು. ನನಗೆ ಅನ್ನ ಮಿಗಿಸಿ ಇಡುತ್ತಿದ್ದವಳು, ತಲೆನೋವು ಬಂದರೆ ಎಣ್ಣೆ ಒತ್ತುತ್ತಿದ್ದವಳು ಪುಟ್ಟಲಕ್ಷ್ಮಿ. ಅವಳ ಆ ಒಳ್ಳೆಯತನವನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು.

ಆ ಮಳೆಗಾಲ ಕಾಡಿನ ಅಂಚಿನ ಊರುಗಳಲ್ಲಿ ಚಳಿಜ್ವರ ಬಿತ್ತು. ಹೊಸದಾಗಿ ಮದುವೆಯಾದ ಮೂವರು ಗಂಡಸರು ಸತ್ತರು. ಮೂವರ ಹೆಂಡಿರ ಕರಿಮಣಿಯೂ ನಮ್ಮ ಮನೆಯದು. ನಾನು ದಂಡೆಯಲ್ಲಿ ಮರಳು ಕೆದಕುವುದನ್ನು ಬಟ್ಟೆ ಒಗೆಯುತ್ತಿದ್ದವಳೊಬ್ಬಳು ಎಂದೋ ನೋಡಿದ್ದಳಂತೆ. ಅವಳ ಬಾಯಿಯಿಂದ ಮಾತು ಅಂತರಸಂತೆಯವರೆಗೂ ಹೋಯಿತು. ಒಂದು ಬೆಳಿಗ್ಗೆ ಅಲ್ಲಿಂದ ದೊಡ್ಡಮಾದಯ್ಯ ಬಂದ. ಸತ್ತವರಲ್ಲಿ ಒಬ್ಬ ಅವನ ಅಳಿಯ. ಹಿಂದೆ ಇಪ್ಪತ್ತು ಜನ. ಮಾವ ಬಳೆ ಮಾರಲು ಹೋಗಿದ್ದ. ಮನೆಯಲ್ಲಿ ಅತ್ತೆ, ಅಂಕಯ್ಯ, ಪುಟ್ಟಲಕ್ಷ್ಮಿ, ನಾನು.

ಮುದುಕ ಕೂಗಾಡಲಿಲ್ಲ. ಜಗುಲಿಯ ಕೆಳಗೆ ನಿಂತು ಕೇಳಿದ: "ನನ್ನ ಮಗ್ಳ ಕೊರಳ್ಗೆ ಮುಂಡೇರ ಮಣಿ ಕಟ್ಟುದ್ರಾ ತಾಯಿ? ಅಷ್ಟು ಏಳ್ಬುಡಿ."

ಅತ್ತೆ ಒಂದು ಕ್ಷಣವೂ ತಡೆಯಲಿಲ್ಲ. ನನ್ನ ರಟ್ಟೆ ಹಿಡಿದು ಜಗುಲಿಗೆ ಎಳೆದು ತಂದು ನಿಲ್ಲಿಸಿದಳು. "ಅಪ್ಪಾ, ನಂಗೇನೂ ಗೊತ್ತಿಲ್ಲ. ಈ ಅನಿಷ್ಟ ನನ್ನ ಕಣ್ಣು ತಪ್ಸಿ ಆರ್ಸ್ಕ ಬಂದು ಸೇರ್ಸದೆ. ಯಾವ ಸರಕ್ಕೆ ಯಾವ ಮಣಿ ಆಕ್ತೋ ನಾನು ಕಂಡೋಳಲ್ಲ. ಇಕೋ, ನನ್ನ ಮಗನ ತಲೆ ಮುಟ್ಟಿ ಏಳ್ತೀನಿ." ಪಕ್ಕದಲ್ಲಿ ನಿಂತಿದ್ದ ಅಂಕಯ್ಯನ ತಲೆಯ ಮೇಲೆ ಅಂಗೈ ಇಟ್ಟಳು.

ಇಪ್ಪತ್ತು ಜನರ ಕಣ್ಣು ನನ್ನ ಮೇಲೆ ಬಿತ್ತು. "ಏಳವ್ವ, ಯಾರ್ಯಾರ್ ಕೊರಳ್ಗೆ ಆಕ್ದೆ?" ಎಂದ ದೊಡ್ಡಮಾದಯ್ಯ.

ನಿಜ ಹೇಳಬಹುದಿತ್ತು. ಅತ್ತೆಯೇ ಕಳಿಸಿದಳು, ಎರಡು ವರ್ಷದ ಎಲ್ಲ ಸರದಲ್ಲೂ ಇದೆ ಎಂದರೆ ಯಾರು ನಂಬುತ್ತಿದ್ದರು? ನಂಬಿದ್ದರೆ ಮನೆಗೆ ಬೆಂಕಿ ಬೀಳುತ್ತಿತ್ತು, ಅದರೊಳಗೆ ನಾನೂ ಇರುತ್ತಿದ್ದೆ. ಅತ್ತೆಯ ಕೈ ಇನ್ನೂ ಮಗನ ತಲೆಯ ಮೇಲೇ ಇತ್ತು. ಅದನ್ನು ನೋಡುತ್ತ ನನಗೆ ಹೊಳೆಯಿತು. ಏನೂ ಗೊತ್ತಿಲ್ಲ ಎಂದು ಮಗನ ತಲೆ ಮುಟ್ಟಿ ಆಣೆಯಿಟ್ಟವಳು ಇನ್ನು ಯಾವ ಸರದ ಮಣಿಯೂ ಗೊತ್ತಿದೆ ಎನ್ನುವ ಹಾಗಿಲ್ಲ.

"ನಿಮ್ಮ ಮಗಳದ್ದು ಒಳ್ಳೆ ಮಣಿ ಕಣಪ್ಪ," ಎಂದೆ. "ಮುಂಡೇರ ಮಣಿ ಸೇರ್ಸಿದ್ದು ಒಂದೇ ಒಂದು ಸರಕ್ಕೆ. ಅದು ಇವಳದ್ದು."

ಬಾಗಿಲಲ್ಲಿ ನಿಂತಿದ್ದ ಪುಟ್ಟಲಕ್ಷ್ಮಿಯ ಕಡೆಗೆ ಬೆರಳು ಮಾಡಿದೆ.

ಅವಳು ಮೊದಲು ನಕ್ಕಳು, ತಮಾಷೆ ಎಂದುಕೊಂಡು. ಆಮೇಲೆ ಎಲ್ಲರ ಮುಖ ನೋಡಿ ಸರವನ್ನು ಎರಡು ಕೈಯಲ್ಲೂ ಹಿಡಿದುಕೊಂಡಳು. "ಅಕ್ಕ, ಯಾಕಕ್ಕ ಇಂಗಂತೀಯೆ? ಅತ್ತೆ, ಇದು ದೇವರ ಗೂಡಲ್ಲಿ ಮಡಗಿದ್ದು ಅಂತ ನೀವೇ ಅಂದಿದ್ರಲ್ಲ. ಏಳಿ ಅತ್ತೆ."

ಅತ್ತೆ ನನ್ನನ್ನು ನೋಡಿದಳು. ನಾನೂ ಕಣ್ಣು ಕೀಳದೆ ನೋಡಿದೆ. ಐದು ವರ್ಷದಲ್ಲಿ ಮೊದಲ ಸಲ ಅವಳು ನನಗೆ ಹೆದರಿದಳು. ನನಗೆ ಆದ ಸಂತೋಷವನ್ನು ಏನೆಂದು ಹೇಳಲಿ! ಹೊಟ್ಟೆ ತುಂಬ ಉಂಡ ಹಾಗಾಯಿತು. ಅವಳು ಸೊಸೆಯ ಕಡೆ ತಿರುಗಲೇ ಇಲ್ಲ. ಅಂಕಯ್ಯ ತಾಯಿಯ ಕೈ ಕೊಡವಿ ಎರಡು ಹೆಜ್ಜೆ ಹಿಂದೆ ಸರಿದ. ನಾಲ್ಕು ತಿಂಗಳು ಜೊತೆಯಲ್ಲಿ ಮಲಗಿದ ಹೆಂಡತಿಯನ್ನು ಹಾವು ಕಂಡಂತೆ ಕಂಡ.

"ಅವ್ವ, ಮೊದ್ಲು ಅದ ಕತ್ತರಿಸಾಕು. ನಾನೇನು ಸಾಯ್ಬೇಕಾ?"

ಜನ ಹೌದು ಹೌದು ಎಂದರು. ಮಾಡಿದ್ದುಣ್ಣೋ ಮಾರಾಯ, ಪಾಪ ಅವರ ಮನೆಯೊಳಗೇ ಹೊಕ್ಕಿತು ಎಂದು ಯಾರೋ ಹೇಳಿದ್ದೇ ಅವರ ಸಿಟ್ಟೂ ಇಳಿಯಿತು. ಹೆಂಗಸರಿಬ್ಬರು ಪುಟ್ಟಲಕ್ಷ್ಮಿಯ ಕೈ ಬಿಡಿಸಿದರು. ನನ್ನ ಪೆಟ್ಟಿಗೆಯ ಕತ್ತರಿಯಿಂದ ಅತ್ತೆಯೇ ಕತ್ತರಿಸಿದಳು. ಆ ಹುಡುಗಿ ಅರಚಿದ್ದು ಬೀದಿಯ ಕೊನೆಗೂ ಕೇಳಿರಬೇಕು. ಅವಳಿಗೆ ನೋವೇನೂ ಆಗಿರಲಿಲ್ಲ, ಗಂಡ ಎದುರಿಗೇ ನಿಂತಿದ್ದ, ಅಷ್ಟೆ.

ಹೊಸ ಮಣಿ ಸಿಕ್ಕ ಮೇಲೆ ಕರೆಸಿಕೊಳ್ಳುತ್ತೇವೆ ಎಂದು ಹೇಳಿ ಅವಳನ್ನು ಭೇರ್ಯಕ್ಕೆ ಕಳಿಸಿದರು. ಹತ್ತು ದಿನಕ್ಕೆ ಅಂಕಯ್ಯನಿಗೆ ಚಳಿಜ್ವರ ಬಂತು, ಒಂದು ವಾರ ನರಳಿ ಎದ್ದ. ಊರಿಗೆ ಇನ್ನೇನು ಸಾಕ್ಷಿ ಬೇಕು? ಕಿತ್ತು ಹಾಕಿದ್ದಕ್ಕೇ ಉಳಿದ ಎಂದರು. ಪುಟ್ಟಲಕ್ಷ್ಮಿಯನ್ನು ಕರೆಸುವ ಮಾತು ಅಲ್ಲಿಗೆ ನಿಂತಿತು. ಮುಂಡೇರ ಮಣಿ ಸೇರಿಸಿದವಳೆಂಬ ಹೆಸರು ಹೊತ್ತು ನಾನು ವೀರನಹೊಸಹಳ್ಳಿಗೆ ಹಿಂದಿರುಗಿದೆ.

ಆ ಮನೆಗೆ ಬೇರೆ ಯಾರೂ ಹೆಣ್ಣು ಕೊಡಲಿಲ್ಲ. ಅತ್ತೆಯ ಕಣ್ಣಿಗೂ ಪೊರೆ ಬಂತು. ವರ್ಷ ತುಂಬುವುದರೊಳಗೆ ಅವಳೇ ಎಲೆ ಅಡಿಕೆ ಹಿಡಿದುಕೊಂಡು ನಮ್ಮ ಗುಡಿಸಲಿಗೆ ಬಂದಳು. ಅವ್ವ ನೀರು ತರಲು ಹೋದಾಗ ಸೊಂಟದಿಂದ ಬಟ್ಟೆಯ ಗಂಟೊಂದನ್ನು ತೆಗೆದು ನನ್ನ ಮಡಿಲಿಗೆ ಹಾಕಿದಳು. ಪುಟ್ಟಲಕ್ಷ್ಮಿಯ ಕೊರಳಿಂದ ಕತ್ತರಿಸಿದ ಮಣಿ.

"ಇವು ಒಳ್ಳೇವು ಅಂತ ನಿಂಗೊತ್ತು, ನಂಗೊತ್ತು," ಎಂದಳು. "ಪೋಣಿಸ್ಕೊ."

ಪೋಣಿಸಿಕೊಂಡೆ. ಕೊರಳಲ್ಲಿ ಮಣಿ ಬಂತು, ಮೊದಲ ಮಣಿಯನ್ನೂ ಕೊನೆಯ ಗಂಟನ್ನೂ ಹಾಕುವ ಹಕ್ಕು ಬಂತು. ಅಂಕಯ್ಯ ನನಗೆ ಗಂಡನಾದ. ಹೆದರುಪುಕ್ಕಲ, ಆದರೆ ಗಟ್ಟಿಮುಟ್ಟಾಗಿದ್ದಾನೆ. ಅವನ ಆ ಆರೋಗ್ಯವನ್ನು ನೋಡಿಯೇ ಜನ ಹಳೆಯದನ್ನೆಲ್ಲ ಮರೆತು ನನ್ನ ಕೈಗುಣದ ಮಾತು ಶುರು ಮಾಡಿದ್ದು.

ಯುದ್ಧ ಮುಗಿದ ಮರುವರ್ಷ ಭೇರ್ಯದ ಒಂದು ಮದುವೆಮನೆಗೆ ಸರ ಕೊಡಲು ಹೋಗಿದ್ದೆ. ಹಿತ್ತಿಲಲ್ಲಿ ಕೈಕಾಲು ತೊಳೆಯಲು ಹೋದರೆ, ಬಚ್ಚಲಿನ ಹತ್ತಿರ ಹಂಡೆ ಉಜ್ಜುತ್ತಿದ್ದವಳು ಎದ್ದು ನಿಂತಳು. ಪುಟ್ಟಲಕ್ಷ್ಮಿ. ಬರಿ ಕೊರಳು, ಬರಿ ಹಣೆ. ಗಂಡ ಬದುಕಿದ್ದರೂ ಅವಳನ್ನು ಹಸೆಯ ಹತ್ತಿರ ಯಾರೂ ಕರೆಯುವುದಿಲ್ಲವಂತೆ. ಉಗಿಯುತ್ತಾಳೆ ಎಂದುಕೊಂಡೆ. ಉಗಿದಿದ್ದರೆ ನಾನೂ ಎಲ್ಲವನ್ನೂ ಹೇಳಿಬಿಡುತ್ತಿದ್ದೆನೇನೋ.

"ಚೆಂದಾಗಿದ್ದೀಯೇನಕ್ಕ?" ಎಂದಳು. ಅವಳ ಕಣ್ಣು ನನ್ನ ಕೊರಳ ಮೇಲೆ ಹೋಗಿ ಬಂತು. "ಅವ್ರು? ಜ್ವರ ಮತ್ತೆ ಬರ್ಲಿಲ್ವಾ?"

"ಇಲ್ಲ ಕಣವ್ವ. ಚೆಂದಾಗವ್ರೆ."

ಅವಳ ಮುಖ ಅರಳಿತು. "ಮೊದ್ಲು ನಿನ್ಮೇಲೆ ಬಾಳ ಸಿಟ್ಟಿತ್ತು ಕಣಕ್ಕ. ಆಮೇಲೆ ಅನ್ನುಸ್ತು, ಅವತ್ತು ನೀನು ಏಳ್ದೆ ಇದ್ದಿದ್ರೆ ಅವ್ರು ಓಗ್ಬುಡೋರು. ನಾನೇ ಕೊಂದಂಗಾಗೋದು. ಸಂಜೆ ದೀಪ ಹಚ್ಚುವಾಗ ನಿನ್ನೂ ನೆನ್ಸ್ಕೊಂಡು ಕೈ ಮುಗೀತೀನಿ." ಹತ್ತಿರ ಬಂದು, ದನಿ ತಗ್ಗಿಸಿ ಕೇಳಿದಳು: "ಅದ್ರಲ್ಲಿ ಮುಂಡೇರ ಮಣಿ ಇದ್ದುದ್ದು ನಿಜ ಅಲ್ವೇನಕ್ಕ? ಒಂದೊಂದ್ಸಲ ಅನುಮಾನ ಬತ್ತದೆ. ಆಗ ರಾತ್ರಿಯೆಲ್ಲ ನಿದ್ದೆ ಬರಲ್ಲ."

ಸುಳ್ಳು ಎಂಬ ಒಂದು ಮಾತು ಸಾಕಿತ್ತು. ಆ ಮಾತಿಗೆ ನನ್ನ ಗಂಡ, ನನ್ನ ಮನೆ, ನನ್ನ ಕಸುಬು ಎಲ್ಲ ಹೋಗುತ್ತಿತ್ತು.

"ನಿಜ ಕಣವ್ವ," ಎಂದೆ. "ನಾನೇ ಆರ್ಸಿದ್ದು."

"ಅಂಗಾದ್ರೆ ಸಾಕು," ಎಂದು ಅವಳು ಕೂತು ಹಂಡೆ ಉಜ್ಜತೊಡಗಿದಳು.