ಬೂದಿಯ ಮೇಲೂ ಕೆಳಗೂ

ಪುರಾತತ್ವದ ವಿದ್ಯಾರ್ಥಿಗಳು ಬೆನ್ನ ಹಿಂದೆ ಅವರನ್ನು ಚೂರಮ್ಮ ಎನ್ನುತ್ತಿದ್ದರು. ಒಡೆದ ಮಡಕೆಯ ಚೂರುಗಳಿಗಾಗಿ ಕಣ್ಣು, ಸೊಂಟ, ಮದುವೆಯ ವಯಸ್ಸು ಎಲ್ಲವನ್ನೂ ಮಣ್ಣುಪಾಲು ಮಾಡಿಕೊಂಡವರಿಗೆ ಇನ್ನೇನು ಹೆಸರಿಡಬೇಕು ಹೇಳಿ! “ಅಕ್ಕಾ, ನಿನ್ನ ಗಂಡ ಅಲ್ಲೇ ಎಲ್ಲೋ ಹೂತು ಹೋಗಿದಾನೆ, ಸರಿಯಾಗಿ ಅಗೆ,” ಎಂದು ತಂಗಿ ಚುಡಾಯಿಸುತ್ತಿದ್ದಳು.

ಅಗೆದು ಅಗೆದು ಅವರು ಹಟ ಹಿಡಿದು ಹೇಳಿದ್ದು ಒಂದೇ ಮಾತು. ನದಿ ದಂಡೆಯ ದಿಬ್ಬದ ಊರು ಸುಟ್ಟುಹೋದ ಮೇಲೆ ಅದೇ ಜನ ಮರಳಿ ಬಂದು ಮನೆ ಕಟ್ಟಿಕೊಂಡರು. ಬೂದಿಯ ಪದರದ ಕೆಳಗೆ ಎಂಥ ಮಡಕೆಯೋ ಮೇಲೂ ಅಂಥದ್ದೇ, ಅದೇ ಮಣ್ಣು, ಅದೇ ಕೈ. ಆಮೇಲೆ ಬಂದವರು ಬೇರೆಯೇ ಜನ ಎಂದು ದೊಡ್ಡ ದೊಡ್ಡ ವಿದ್ವಾಂಸರು ನಕ್ಕುಬಿಟ್ಟರು. ದಿಬ್ಬ ಈಗ ಅಣೆಕಟ್ಟಿನ ನೀರಿನಡಿ ಇದೆ, ಮತ್ತೆ ಅಗೆಯುವ ಮಾತೇ ಇಲ್ಲ. ಉಳಿದದ್ದು ಉಗ್ರಾಣದಲ್ಲಿ ಚೂರು ತುಂಬಿಟ್ಟ ಚೀಲಗಳು ಮಾತ್ರ. ಅವನ್ನು ನೋಡಿ ತೀರ್ಪು ಹೇಳಲು ನಾಳೆ ಹೊರಗಿನ ತಜ್ಞರು ಬರುವವರಿದ್ದರು.

ಬೇರೆಯವರು ಪ್ರತಿ ಚೂರಿನ ಮೇಲೂ ಅದು ಸಿಕ್ಕ ಪದರದ ಸಂಖ್ಯೆಯನ್ನು ಮಸಿಯಲ್ಲಿ ಬರೆಯುತ್ತಾರೆ. ಚೂರಮ್ಮ ಬರೆಯಗೊಡಲಿಲ್ಲ. “ಗೀಚೋಕೆ ಅದೇನು ಬಸ್‌ಸ್ಟ್ಯಾಂಡ್ ಗೋಡೆನಾ?” ಎಂದು ಗದರಿ, ಚೀಲದೊಳಗೆ ಸಂಖ್ಯೆಯ ಒಂದು ಚೀಟಿ ಹಾಕಿಸುತ್ತಿದ್ದರು.

ಉಗ್ರಾಣದ ಬಾಗಿಲಲ್ಲಿ ಅವರ ಹಳೆಯ ಶಿಷ್ಯೆ ಕಾಯುತ್ತಿದ್ದಳು. ಈಗ ಅಲ್ಲಿಯ ಮುಖ್ಯಸ್ಥೆ. ಹೆತ್ತ ಮಗಳಿದ್ದಿದ್ದರೂ ಇಷ್ಟು ಹಚ್ಚಿಕೊಳ್ಳುತ್ತಿದ್ದಳೋ ಇಲ್ಲವೋ. ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ಉದ್ದನೆಯ ಮೇಜಿನ ತುಂಬ ತಟ್ಟೆಗಳು, ತಟ್ಟೆಗಳ ತುಂಬ ಥಳಥಳ ತೊಳೆದ ಚೂರುಗಳು. ಬಾಯಿಯ ತುಂಡುಗಳೆಲ್ಲ ಒಂದು ಕಡೆ, ತಳದವೆಲ್ಲ ಇನ್ನೊಂದು ಕಡೆ.

“ಚೀಲಗಳು?” ಎಂದರು ಚೂರಮ್ಮ.

“ಎಲ್ಲಾ ಕೊಳೆತು ಒಂದರ ಮೇಲೊಂದು ಸುರಿದುಹೋಗಿದ್ವು ಮೇಡಂ. ಚೀಟಿಗಳನ್ನ ಗೆದ್ದಲು ತಿಂದಿತ್ತು.”

ಚೂರಮ್ಮ ತಟ್ಟೆಯೊಂದಕ್ಕೆ ಕೈ ಹಾಕಿದರು. “ಬೂದಿಯಾದ್ರೂ ಅಂಟ್ಕೊಂಡಿತ್ತೇನೇ?”

“ಅಯ್ಯೋ, ಬೇಕಾದಷ್ಟು! ಉಜ್ಜಿ ಉಜ್ಜಿ ನನ್ನ ಉಗುರೇ ಸವೆದುಹೋಯ್ತು ನೋಡಿ.”

ಪದರ ಹೇಳಬಹುದಾಗಿದ್ದ ಕೊನೆಯ ಗುರುತೂ ತೊಳೆದುಹೋಗಿತ್ತು. ಚೂರಮ್ಮ ಕುರ್ಚಿ ಹುಡುಕಿ ಕೂತರು. ಬೈಯಬೇಕೆನಿಸಿತು. ಯಾರನ್ನು? ಮಸಿ ಮುಟ್ಟಗೊಡದವರು ಯಾರು? “ಮೇಡಂ ಚೂರು ಸವರಿದ್ರೆ ಸಾಕು, ಪದರ ಹೇಳ್ತಾರೆ” ಎಂದು ಹುಡುಗರು ಹೊಗಳುವಾಗ ಒಮ್ಮೆಯಾದರೂ ಅಲ್ಲಗಳೆಯದೆ ಮುಗುಳ್ನಕ್ಕವರು ಯಾರು?

“ನಾನೂ ನನ್ನ ಹುಡುಗರಿಗೆ ಅದನ್ನೇ ಹೇಳ್ಕೊಡೋದು ಮೇಡಂ. ಮಡಕೆ ಮೈಮೇಲೆ ಗೀಚಬಾರದು ಅಂತ,” ಎಂದಳು ಶಿಷ್ಯೆ. ಎರಡು ಚೂರುಗಳನ್ನು ಅವರ ಎರಡು ಅಂಗೈಗಳಲ್ಲಿಟ್ಟು, ಹಾಳೆ ಪೆನ್ನು ಹಿಡಿದು ಪಕ್ಕದಲ್ಲೇ ಕೂತಳು. “ನೀವು ಮುಟ್ಟಿ ಹೇಳ್ತಾ ಹೋಗಿ, ನಾನು ಬರ್ಕೋತೀನಿ. ಸಂಜೆಯೊಳಗೆ ಮುಗಿಸಿಬಿಡೋಣ.”

ಚೂರಮ್ಮ ಹೆಬ್ಬೆರಳಿನಿಂದ ಎರಡನ್ನೂ ಸವರಿದರು. ಅದೇ ಮಣ್ಣು. ಅದೇ ಕೈ. ತಾವು ಹೇಳಿದ್ದು ನೂರಕ್ಕೆ ನೂರು ನಿಜ. ನಿಜವಾದ್ದರಿಂದಲೇ ಯಾವುದು ಬೆಂಕಿಗೆ ಮುಂಚಿನದು, ಯಾವುದು ಆಮೇಲಿನದು ಎಂದು ಇನ್ನು ಯಾರೂ ಹೇಳಲಾರರು.

“ಗೊತ್ತಾಗ್ತಿಲ್ಲ ಕಣೇ,” ಎಂದರು.

ಶಿಷ್ಯೆ ನಕ್ಕಳು. “ತಮಾಷೆ ಸಾಕು ಮೇಡಂ,” ಎಂದು ಪೆನ್ನಿನ ಮುಚ್ಚಳ ತೆಗೆದು ಕಾದಳು.