ಆರು ಕೋಟುಗಳ ಎಡಬಲ

"ಗಂಡಸರ ಕೋಟಿಗೆ ಎಡಗಡೆ ಗುಂಡಿ ಹಚ್ಚಿದೀಯಲ್ಲ, ಯಾರಿಗೆ ಇದು?" ಎಂದು ಇಸ್ತ್ರಿಯಕ್ಕ ಕೇಳಿದಾಗ ಟೈಲರಮ್ಮನಿಗೆ ಮೊದಲು ಖುಷಿಯೇ ಆಯಿತು. ತಪ್ಪು ಹುಡುಕುವ ಮಾತೇ ಆಗಲಿ, ಇಸ್ತ್ರಿಯಕ್ಕ ಅವಳೊಡನೆ ಬಾಯಿ ಬಿಟ್ಟು ಹದಿನೇಳು ದಿನವಾಗಿತ್ತು.

ಒಂದೇ ಹೊಲಿಗೆ ಅಂಗಡಿಯಲ್ಲಿ ಹದಿನಾಲ್ಕು ವರ್ಷ. ಒಬ್ಬಳು ಮಿಷನ್ನಿನ ಮುಂದೆ, ಇನ್ನೊಬ್ಬಳು ಇಸ್ತ್ರಿ ಮೇಜಿನ ಹಿಂದೆ. ಮಧ್ಯಾಹ್ನ ಇಬ್ಬರ ಡಬ್ಬಿಯೂ ಒಟ್ಟಿಗೇ ತೆರೆಯಬೇಕು. ಕಳೆದ ವರ್ಷದಿಂದ ಟೈಲರಮ್ಮನ ಡಬ್ಬಿಯ ಪಕ್ಕ ಫೋನೂ ತೆರೆದುಕೊಳ್ಳತೊಡಗಿತು. ಅವಳು ಚಿಕ್ಕವಳಿದ್ದಾಗ ಟೀವಿಯಲ್ಲಿ ಬರುತ್ತಿದ್ದ ಹಡಗಿನ ಧಾರಾವಾಹಿಯೊಂದಕ್ಕೆ ಈಗಲೂ ಜೀವ ಬಿಡುವವರ ಗುಂಪೊಂದು ಅದರಲ್ಲಿತ್ತು. ಅಲ್ಲಿ ಯಾರಿಗೂ ಸ್ವಂತ ಹೆಸರಿಲ್ಲ. ಒಬ್ಬಳು ಚುಕ್ಕಾಣಿ, ಒಬ್ಬರು ಲಂಗರು, ಹೀಗೆ. ಹೊಲಿಯುವವಳೆಂದು ಇವಳಿಗೆ ಹಾಯಿ ಎಂದು ಹೆಸರಿಟ್ಟರು. ನಲವತ್ತು ದಾಟಿದ ಮೇಲೆ ಯಾರಾದರೂ ಹೊಸ ಹೆಸರಿಟ್ಟು ಕರೆದರೆ ಯಾರಿಗೆ ಬೇಡ ಹೇಳಿ.

ಇಸ್ತ್ರಿಯಕ್ಕನ ಕಣ್ಣಿನ ಆಪರೇಷನ್ ದಿನ "ನಾನೇ ಮನೆಗೆ ಕರ್ಕೊಂಡು ಹೋಗ್ತೀನಿ" ಎಂದಿದ್ದವಳು ಆಸ್ಪತ್ರೆಗೆ ಹೋಗಲಿಲ್ಲ. ಅಂದು ಬೆಳಿಗ್ಗೆ ಚುಕ್ಕಾಣಿಯ ಕೆಲಸ ಹೋಗಿತ್ತು. ಮುಖ ಕೂಡ ನೋಡಿರದ ಆ ಹುಡುಗಿ ಫೋನಿನಲ್ಲಿ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಇವಳು ಸಮಾಧಾನ ಹೇಳುತ್ತಾ ಕೂತಳು, ಆಸ್ಪತ್ರೆ ಮರೆತೇಹೋಯಿತು. ಸೋಮಾರಿತನವಲ್ಲ, ಕೊಬ್ಬೂ ಅಲ್ಲ. ಆದರೂ ತಪ್ಪು ತಪ್ಪೇ. ಇಸ್ತ್ರಿಯಕ್ಕ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಒಬ್ಬಳೇ ಬಸ್ಸು ಹತ್ತಿದ್ದಳು.

ಈಗ ಗುಂಪಿನ ಆರು ಜನ ಮೊದಲ ಸಲ ಮುಖಾಮುಖಿಯಾಗುವುದು ನಾಡಿದ್ದು ಭಾನುವಾರ, ಇದೇ ಅಂಗಡಿಯಲ್ಲಿ. ತನ್ನನ್ನೂ ಸೇರಿಸಿ ಆರು ಜನಕ್ಕೂ ಧಾರಾವಾಹಿಯ ಕಪ್ತಾನನ ಕೋಟು ಹೊಲಿಯುವೆನೆಂದು ಹಾಯಿ ಮಾತು ಕೊಟ್ಟಿದ್ದಳು. ದೃಶ್ಯಗಳನ್ನು ನಿಲ್ಲಿಸಿ ನಿಲ್ಲಿಸಿ, ಜೇಬಿನ ಹೊಲಿಗೆಯನ್ನೂ ಎಣಿಸಿ ಮಾಡಿದ ಕೋಟುಗಳು. ಲೈನಿಂಗ್ ಹಚ್ಚುವುದೊಂದೇ ಬಾಕಿ.

"ಕಪ್ತಾನನ ಕೋಟು ಹಾಗೇ ಇರೋದಕ್ಕ. ಎಡಗಡೆ ಗುಂಡಿ ಹೆಂಗಸರದಲ್ವಾ, ಅವನು ಸತ್ತ ತಾಯಿ ಕೋಟು ಹಾಕ್ಕೊಂಡಿದಾನೆ ಅಂತ ನಮ್ಮ ಲಂಗರು ಎಂಟು ಪುಟ ಬರೆದಿದಾರೆ."

"ತೋರ್ಸು ನಿನ್ನ ಕಪ್ತಾನನ್ನ."

ಇಸ್ತ್ರಿಯಕ್ಕ ಫೋನನ್ನು ದೂರ ಹಿಡಿದು ನೋಡಿದಳು.

"ಇವನ್ನ ಬಿಡು, ಹಿಂದೆ ಗಡಿಯಾರ ನೋಡು. ಸೆಕೆಂಡಿನ ಮುಳ್ಳು ಹಿಂದಕ್ಕೆ ಹೋಗ್ತಿದೆ."

ಹೌದು, ಹೋಗುತ್ತಿತ್ತು. ಆ ಹಳೆಯ ಧಾರಾವಾಹಿಯನ್ನು ಕದ್ದು ಇಂಟರ್ನೆಟ್ಟಿಗೆ ಹಾಕಿದ ಪುಣ್ಯಾತ್ಮ ಯಾರೋ, ಸಿಕ್ಕಿಬೀಳದಿರಲೆಂದು ಇಡೀ ಚಿತ್ರವನ್ನೇ ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ಮಾಡಿದ್ದ. ಅಕ್ಷರವಿದ್ದಲ್ಲೆಲ್ಲ ಮಸುಕು ಮಾಡಿದ್ದ. ಗುಂಪಿನ ಮುನ್ನೂರು ಜನ ಮೂವತ್ತಾರು ಕಂತುಗಳನ್ನು ವರ್ಷಗಟ್ಟಲೆ ನೋಡಿದರೂ ಒಬ್ಬರ ಕಣ್ಣೂ ಗಡಿಯಾರದ ಮೇಲೆ ಬಿದ್ದಿರಲಿಲ್ಲ. ಎಲ್ಲರಿಗೂ ಕಪ್ತಾನನದೇ ಧ್ಯಾನ. ಬೆಟ್ಟ ಅಗೆದು ಇಲಿ ಹಿಡಿದಿದ್ದರು, ಅದೂ ಎಂಟು ಪುಟದ ಇಲಿ.

ಕಪ್ತಾನನ ಗುಂಡಿ ನಿಜಕ್ಕೂ ಬಲಗಡೆಯೇ ಇದ್ದದ್ದು, ಟೈಲರಮ್ಮ ಹೊಲಿದ ಆರು ಕೋಟೂ ಎಡಬಲವಾಗಿದ್ದವು. ಐದು ಜನ ದೂರದಿಂದ ರೈಲು ಹತ್ತಿ ಬರುತ್ತಿದ್ದರು. ಕೆಲಸವಿಲ್ಲದ ಚುಕ್ಕಾಣಿಯೂ ಬರುತ್ತಿದ್ದಳು, ಆ ಕೋಟಿಗೆಂದೇ. ಹೊಸ ಬಟ್ಟೆ ತರಲು ಕೈಯಲ್ಲಿ ದುಡ್ಡೂ ಇಲ್ಲ, ಹೊತ್ತೂ ಇಲ್ಲ. ಎದುರಿಗೆ ನಿಂತವಳ ಸಹಾಯ ಕೇಳಲು ಮುಖವೂ ಇಲ್ಲ.

"ಅವತ್ತು ಬರದೆ ಇದ್ದಿದ್ದು ತಪ್ಪಾಯ್ತಕ್ಕ," ಎಂದಳು. "ಒಂದು ಹುಡುಗಿ ಅಳ್ತಿದ್ಲು. ಅವಳನ್ನ ಬಿಡಕ್ಕಾಗ್ಲಿಲ್ಲ. ನಿನ್ನ ಬಿಟ್ಟೆ."

"ಬರಕ್ಕಾಗಲ್ಲ ಅಂತ ಒಂದು ಮಾತು ಹೇಳಿದ್ರೆ ನನ್ನ ತಂಗೀನ ಕರೀತಿದ್ದೆ. ಮೂರು ಗಂಟೆ ಬಾಗಿಲು ನೋಡ್ತಾ ಕೂತಿದ್ದೆ ಕಣೇ, ಒಂದೇ ಕಣ್ಣಲ್ಲಿ."

ಇಸ್ತ್ರಿಯಕ್ಕ ಕೋಟನ್ನೆತ್ತಿಕೊಂಡು ತೋಳಿನೊಳಗೆ ಕೈಹಾಕಿ ಒಳಗಿನದನ್ನೆಲ್ಲ ಹೊರಗೆಳೆದಳು. ಬಣ್ಣ ಕೆಡುವ ಬಟ್ಟೆಗಳನ್ನು ತಿರುವಿ ಒಳಮೈಗೇ ಇಸ್ತ್ರಿ ಹಾಕಿ ಹಾಕಿ ಪಳಗಿದ ಕೈ ಅದು.

"ಈಗ ಗುಂಡಿ ಎಲ್ಲಿದೆ?"

ಬಲಗಡೆಗೆ ಬಂದಿತ್ತು.

"ಬಟ್ಟೆ ಎರಡು ಮೈಗೂ ಒಂದೇ ಥರ ಇದೆ. ಹೊಲಿಗೆ ಬಿಚ್ಚಿ ಈ ಮೈ ಮೇಲೆ ಮಾಡಿ ಹಾಕು. ಜೇಬು, ಗುಂಡಿ ಕಿತ್ತು ಈಚೆಗೆ ಹಚ್ಚು. ಬಿಚ್ಚೋದು ನಂಗೆ ಕೊಡು. ಹೊಸ ಕಣ್ಣು, ಸ್ವಲ್ಪ ದುಡೀಲಿ."

ಶನಿವಾರ ಸಂಜೆ ಇನ್ನೂ ಬೆಳಕಿರುವಾಗಲೇ ಆರನೆಯ ಕೋಟಿನ ಲೈನಿಂಗೂ ಮುಗಿಯಿತು. ನಡುವೆ ಫೋನು ಎಷ್ಟೋ ಸಲ ಗುಂಯ್‌ಗುಟ್ಟಿತು. ಟೈಲರಮ್ಮ ಒಂದೇ ಸಲ ಬರೆದಳು: "ನಮ್ಮಕ್ಕನ ಜೊತೆ ಕೆಲಸದಲ್ಲಿದೀನಿ, ನಾಳೆ ಸಿಗೋಣ." ಇಸ್ತ್ರಿಯಕ್ಕ ಅದನ್ನು ಓರೆಗಣ್ಣಿನಲ್ಲಿ ಓದಿದಳು.

ಭಾನುವಾರ ಅಂಗಡಿ ತುಂಬ ಗಲಾಟೆ. ಗಡಿಯಾರದ ಕಥೆ ಕೇಳಿ ಲಂಗರು, ಅವರು ನಿವೃತ್ತ ಮೇಷ್ಟ್ರು, "ಎಂಟು ಪುಟ ನೀರಲ್ಲಿ ಹೋಮ ಮಾಡಿದಂಗಾಯ್ತಲ್ಲಪ್ಪ" ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಚುಕ್ಕಾಣಿ ಕೋಟು ತೊಟ್ಟು ಬೆನ್ನು ನೆಟ್ಟಗೆ ಮಾಡಿ ನಿಂತಳು. ಎಂಥ ಹೊಲಿಗೆ, ಎಂಥ ಮೈಕಟ್ಟು! ಟೈಲರಮ್ಮನಿಗೆ ಎದೆ ಉಬ್ಬಿಹೋಯಿತು. ಚುಕ್ಕಾಣಿ ನೇರ ಇಸ್ತ್ರಿ ಮೇಜಿನ ಹತ್ತಿರ ಹೋದಳು.

"ಆಸ್ಪತ್ರೇಲಿ ನಿಮ್ಮನ್ನ ಕಾಯಿಸಿದ್ದು ನಾನೇ, ಅಕ್ಕ."

"ಅಳೋದು ಮುಗೀತಾ?"

"ಮುಗೀತು. ಸೋಮವಾರ ಒಂದು ಇಂಟರ್‌ವ್ಯೂ ಇದೆ."

"ಹಾಗಾದ್ರೆ ಬಿಚ್ಚು. ಕಾಲರ್ ಸುಕ್ಕಾಗಿದೆ."

ಒಬ್ಬಳದಾದ ಮೇಲೆ ಉಳಿದವರೂ ಕೋಟು ಬಿಚ್ಚಿ ಸಾಲಾಗಿ ನಿಂತರು. ಅಕ್ಕ ಒಬ್ಬೊಬ್ಬರನ್ನೂ ಬೈಯುತ್ತಾ ಇಸ್ತ್ರಿ ಮಾಡಿಕೊಟ್ಟಳು. ಕೊನೆಯದು ಮುಗಿಸಿ ಕೈ ಒರೆಸಿಕೊಂಡು ಈಚೆ ಬಂದು ಟೈಲರಮ್ಮನ ಮುಂದೆ ನಿಂತಳು.

"ಆರೇ ಯಾಕೆ ಹೊಲಿದೆ?" ಎಂದು ಎರಡೂ ಕೈ ಅಗಲಿಸಿದಳು.

ಹದಿನಾಲ್ಕು ವರ್ಷದಲ್ಲಿ ಇವಳ ಅಳತೆ ಒಮ್ಮೆಯೂ ತೆಗೆದಿಲ್ಲವೆಂದು ಟೈಲರಮ್ಮನಿಗೆ ಆಗ ಹೊಳೆಯಿತು. ಕತ್ತಿನಿಂದ ಟೇಪು ತೆಗೆದು ಅವಳ ಬೆನ್ನ ಮೇಲೆ ಹಿಡಿದಳು.

"ಭುಜ ಹದಿನೈದೂವರೆ," ಎಂದಳು. ಚುಕ್ಕಾಣಿ ಬರೆದುಕೊಂಡಳು.